ಗುಳ್ಳೆ ನಿಂತರೆ ಬಿಯರ್ ಆಯಿತೇ? ಮನೆ ಬ್ರೂಯಿಂಗ್‌ನಲ್ಲಿ ನೋಟ್‌ಬುಕ್ ಯಾಕೆ ಬೇಕು

ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳುವುದು ಒಂದು ಸಾಮಾನ್ಯ ಹವ್ಯಾಸ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಹುದುಗುವ ಪಾತ್ರೆಯ ಮುಚ್ಚಳದಲ್ಲಿರುವ ಸಣ್ಣ ನಳಿಗೆಯಿಂದ ಗುಳ್ಳೆ ಬರುವುದು ನಿಂತರೆ ಬಿಯರ್ ಸಿದ್ಧವಾದಂತೆ, ಇನ್ನು ಬಾಟಲಿಗೆ ತುಂಬಬಹುದು ಎಂಬುದೇ ಆ ನಂಬಿಕೆ. ಇದನ್ನೇ ನೆಚ್ಚಿಕೊಂಡು ತುಂಬಿದ ಗಾಜಿನ ಬಾಟಲಿ ಎರಡು ಮೂರು ವಾರಗಳ ನಂತರ ಕಪಾಟಿನಲ್ಲೇ ಸಿಡಿಯಬಹುದು. ಹವ್ಯಾಸಿಗಳು ಇದಕ್ಕೆ ‘ಬಾಟಲ್ ಬಾಂಬ್’ ಎಂದೇ ಹೆಸರಿಟ್ಟಿದ್ದಾರೆ. ಕೈಯಲ್ಲಿ ಹಿಡಿದಾಗಲೇ ಸಿಡಿದರೆ ಗಾಜಿನ ಚೂರು ಮುಖಕ್ಕೆ, ಕಣ್ಣಿಗೆ ಬಡಿಯುತ್ತದೆ.

ಇದನ್ನು ತಪ್ಪಿಸಲು ದುಬಾರಿ ಉಪಕರಣವೇನೂ ಬೇಡ. ಒಂದು ಹೈಡ್ರೋಮೀಟರ್, ಒಂದು ಥರ್ಮಾಮೀಟರ್ ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು. ಮೂರರಲ್ಲಿ ಜನ ಹೆಚ್ಚಾಗಿ ಕಡೆಗಣಿಸುವುದು ನೋಟ್‌ಬುಕ್ಕನ್ನು. ಅದರಲ್ಲಿ ಏನು ಬರೆಯಬೇಕು, ಬರೆದದ್ದು ಏನನ್ನು ಹೇಳುತ್ತದೆ ಎಂಬುದರ ಹಿಂದಿನ ವಿಜ್ಞಾನವನ್ನು ಈ ಲೇಖನದಲ್ಲಿ ನೋಡೋಣ.

ಮೊದಲೇ ಒಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರ್ ತಯಾರಿಕೆಗೆ ಪರವಾನಗಿ ಬೇಕಿಲ್ಲ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾನೂನು ಅಲ್ಲಿ ಈ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿರುವುದು ಬಿಯರ್ ಮಾಡುವ ವಿಧಾನವಲ್ಲ, ಹುದುಗುವಿಕೆಯನ್ನು ಅಳೆಯುವ ವಿಧಾನ. ದೋಸೆ ಹಿಟ್ಟು ರುಬ್ಬುವವರಿಗೂ ಕೊಂಬುಚಾ ಮಾಡುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಪಾತ್ರೆಯೊಳಗೆ ನಡೆಯುವುದೇನು?

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ನೆನೆಹಾಕಿದಾಗ ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹೀಗೆ ಸಿಗುವ ಸಿಹಿ ನೀರಿಗೆ ವರ್ಟ್ ಎಂದು ಹೆಸರು. ಇದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತದೆ.

ಸಕ್ಕರೆ ಕರಗಿದ ನೀರು ಬರಿ ನೀರಿಗಿಂತ ಭಾರ, ಆಲ್ಕೋಹಾಲ್ ನೀರಿಗಿಂತ ಹಗುರ. ಹಾಗಾಗಿ ಹುದುಗುವಿಕೆ ಮುಂದುವರಿದಂತೆ ದ್ರವದ ಸಾಂದ್ರತೆ ಇಳಿಯುತ್ತ ಹೋಗುತ್ತದೆ. ಇದನ್ನು ಅಳೆಯುವ ಸಾಧನವೇ ಹೈಡ್ರೋಮೀಟರ್. ಹಾಲಿನ ಡೇರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರ್ ನೋಡಿದ್ದೀರಲ್ಲ, ಇದು ಅದೇ ಜಾತಿಯದು. ದ್ರವ ಗಟ್ಟಿಯಾಗಿದ್ದರೆ ಗಾಜಿನ ಕೊಳವೆ ಮೇಲೆ ತೇಲುತ್ತದೆ, ತೆಳುವಾಗಿದ್ದರೆ ಹೆಚ್ಚು ಮುಳುಗುತ್ತದೆ. ಬರಿ ನೀರಿನಲ್ಲಿ ಅದು 1.000 ತೋರಿಸುತ್ತದೆ. ಸಾಧಾರಣ ಬಿಯರಿನ ವರ್ಟ್‌ನಲ್ಲಿ 1.050ರ ಆಸುಪಾಸು, ಹುದುಗಿ ಮುಗಿದ ಮೇಲೆ 1.010ರಿಂದ 1.012ರ ಆಸುಪಾಸು ಇರುತ್ತದೆ. ಯೀಸ್ಟ್‌ಗೆ ಜೀರ್ಣವಾಗದ ಕೆಲವು ಸಕ್ಕರೆಗಳು ಉಳಿಯುವುದರಿಂದ ಸಾಮಾನ್ಯವಾಗಿ 1.000ಕ್ಕೆ ಇಳಿಯುವುದಿಲ್ಲ.

ಆರಂಭದ ಮತ್ತು ಕೊನೆಯ ರೀಡಿಂಗ್‌ಗಳ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಪ್ರಮಾಣ ಸ್ಥೂಲವಾಗಿ ಸಿಗುತ್ತದೆ. 1.050ರಿಂದ 1.012ಕ್ಕೆ ಇಳಿದಿದ್ದರೆ ಸುಮಾರು 5.

ಈ ಲೆಕ್ಕಕ್ಕೆ ಎರಡು ಸಂಖ್ಯೆಗಳು ಬೇಕು, ಮತ್ತು ಮೊದಲನೆಯದು ಸಿಗುವುದು ಒಂದೇ ಸಲ. ಯೀಸ್ಟ್ ಕೆಲಸ ಶುರು ಮಾಡಿದ ಮೇಲೆ ಆರಂಭದ ರೀಡಿಂಗ್ ಮತ್ತೆ ತೆಗೆಯಲಾಗದು. ಆ ದಿನ ಬರೆದಿಡದಿದ್ದರೆ, ಲೋಟದಲ್ಲಿರುವುದು ಶೇಕಡಾ 4ರ ಬಿಯರೋ 7ರದೋ ಎಂದು ಮನೆಯಲ್ಲಿ ಕುಳಿತು ತಿಳಿಯುವ ದಾರಿ ಇಲ್ಲ. ಕುಡಿದ ಮೇಲೆ ವಾಹನ ಓಡಿಸಲೇಬಾರದು, ಅದು ಬೇರೆ ಮಾತು. ಆದರೆ ಎರಡು ಲೋಟ ಎಂದರೆ ಎಷ್ಟು ಆಲ್ಕೋಹಾಲ್ ಎಂಬ ಅಂದಾಜೂ ಇಲ್ಲದಂತಾಗುತ್ತದೆ.

ಗುಳ್ಳೆಯನ್ನು ಏಕೆ ನಂಬಬಾರದು?

ಮುಚ್ಚಳದ ಮೇಲಿನ ನಳಿಗೆಯನ್ನು ಏರ್‌ಲಾಕ್ ಎನ್ನುತ್ತಾರೆ. ಒಳಗಿನ ಅನಿಲ ನೀರಿನ ಮೂಲಕ ಗುಳ್ಳೆಯಾಗಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಅದರ ಕೆಲಸ ಅಷ್ಟೇ, ಅದು ಅಳತೆಯ ಸಾಧನ ಅಲ್ಲ.

ಮುಚ್ಚಳ ಸ್ವಲ್ಪ ಸಡಿಲವಾಗಿದ್ದರೆ ಅನಿಲ ಪಕ್ಕದಿಂದ ಸೋರಿಹೋಗುತ್ತದೆ. ಆಗ ಹುದುಗುವಿಕೆ ಭರದಿಂದ ಸಾಗಿದ್ದರೂ ಗುಳ್ಳೆ ಕಾಣುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಆಗಬಹುದು. ಹುದುಗುವಿಕೆ ಮುಗಿದಿದ್ದರೂ ಮಧ್ಯಾಹ್ನದ ಸೆಕೆಗೆ ದ್ರವ ಬೆಚ್ಚಗಾದರೆ ಅದರಲ್ಲಿ ಕರಗಿದ್ದ ಅನಿಲ ಹೊರಬಂದು ಗುಳ್ಳೆಯೇಳುತ್ತದೆ. ಇನ್ನೊಂದು ಸಂದರ್ಭವೂ ಇದೆ. ಚಳಿ ಹೆಚ್ಚಾದರೆ ಯೀಸ್ಟ್ ಕೆಲಸ ನಿಲ್ಲಿಸಿ ತಳಕ್ಕೆ ಇಳಿಯುತ್ತದೆ. ಗುಳ್ಳೆ ನಿಲ್ಲುತ್ತದೆ, ಸಕ್ಕರೆ ಮಾತ್ರ ಹಾಗೇ ಉಳಿದಿರುತ್ತದೆ. ಅಪಾಯಕಾರಿಯಾದದ್ದು ಇದೇ.

ಮಾದರಿಗೆ ಒಂದು ನೋಟ್‌ಬುಕ್ಕಿನ ಪುಟ ಹೀಗಿದೆ ಎಂದುಕೊಳ್ಳಿ:

1ನೇ ದಿನ: 19 ಲೀಟರ್, ರೀಡಿಂಗ್ 1.050, ದ್ರವ 20 ಡಿಗ್ರಿ. ಸಂಜೆ 6ಕ್ಕೆ ಯೀಸ್ಟ್ ಹಾಕಿದೆ.
4ನೇ ದಿನ: 1.024. ದ್ರವ 22 ಡಿಗ್ರಿ, ಕೋಣೆ 19 ಡಿಗ್ರಿ. ಗುಳ್ಳೆ ಜೋರಾಗಿದೆ.
9ನೇ ದಿನ: 1.018. ದ್ರವ 15 ಡಿಗ್ರಿ, ಹೊರಗೆ ಚಳಿ. ಗುಳ್ಳೆ ಇಲ್ಲ.
10ನೇ ದಿನ: ಬೆಚ್ಚಗಿನ ಕೋಣೆಗೆ ಸಾಗಿಸಿ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿದೆ.
13ನೇ ದಿನ: 1.013. ದ್ರವ 20 ಡಿಗ್ರಿ.
16ನೇ ದಿನ: 1.012.
19ನೇ ದಿನ: 1.012. ಬಾಟಲಿಗೆ ತುಂಬಿದೆ.

ಗುಳ್ಳೆಯನ್ನೇ ನಂಬಿದವರು 9ನೇ ದಿನ ಬಾಟಲಿಗೆ ತುಂಬುತ್ತಿದ್ದರು. ಈ ಪುಟ ಬರೆದವರು 10 ದಿನ ಕಾದರು. ಹಾಗೆ ಕಾಯುವಂತೆ ಮಾಡಿದ್ದು 9ನೇ ದಿನದ 1.018 ಎಂಬ ಸಂಖ್ಯೆ. ಕೊನೆಯಲ್ಲಿ ಮೂರು ದಿನಗಳ ಅಂತರದಲ್ಲಿ ಎರಡು ಸಲ ಒಂದೇ ರೀಡಿಂಗ್ ಬಂದದ್ದರಿಂದ ಹುದುಗುವಿಕೆ ನಿಂತಿದೆ ಎಂದಾಯಿತು. ಒಂದೇ ರೀಡಿಂಗ್‌ನಿಂದ ಇದು ತಿಳಿಯುವುದಿಲ್ಲ, ಹಿಂದಿನದರ ಜೊತೆ ಹೋಲಿಸಬೇಕು. ಸ್ಥಿರವಾಗಿ ನಿಂತ ಸಂಖ್ಯೆಯೂ ಆ ರೆಸಿಪಿಗೆ ನಿರೀಕ್ಷಿಸಿದ ಮಟ್ಟದ ಹತ್ತಿರ ಇರಬೇಕು. 1.018ರಲ್ಲೇ ಮೂರು ದಿನ ನಿಂತಿದ್ದರೆ ಅದು ಯೀಸ್ಟ್ ಮಲಗಿರುವ ಸೂಚನೆಯೂ ಆಗಿರಬಹುದು.

ಬಾಟಲಿ ಸಿಡಿಯುವ ಲೆಕ್ಕ

ಬಿಯರಿಗೆ ನೊರೆ ಬರಲೆಂದು ಬಾಟಲಿ ತುಂಬುವಾಗ ಲೀಟರಿಗೆ 6ರಿಂದ 7 ಗ್ರಾಂನಷ್ಟು ಸಕ್ಕರೆ ಸೇರಿಸುತ್ತಾರೆ. ಉಳಿದಿರುವ ಯೀಸ್ಟ್ ಅದನ್ನು ತಿಂದು, ಮುಚ್ಚಿದ ಬಾಟಲಿಯೊಳಗೇ ಅನಿಲ ಉಂಟುಮಾಡುತ್ತದೆ. ಇದರಿಂದ ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರ್ ಗಾತ್ರದ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಇಷ್ಟನ್ನು ಸಾಮಾನ್ಯ ಬಿಯರ್ ಬಾಟಲಿ ತಾಳಿಕೊಳ್ಳುತ್ತದೆ.

ಈಗ 1.018ರಲ್ಲೇ ಬಾಟಲಿಗೆ ತುಂಬಿದರು ಎಂದುಕೊಳ್ಳಿ. ಯೀಸ್ಟ್ ಬಾಟಲಿಯಲ್ಲಿ ಎಚ್ಚೆತ್ತು ಅದನ್ನು 1.012ಕ್ಕೆ ಇಳಿಸುತ್ತದೆ. 0.001ರಷ್ಟು ಇಳಿದಾಗಲೆಲ್ಲ ಲೀಟರಿಗೆ ಸುಮಾರು ಅರ್ಧ ಲೀಟರ್ ಅನಿಲ ಹೆಚ್ಚುತ್ತದೆ. ಆರು ಅಂಕಿ ಇಳಿದರೆ ಮೂರು ಲೀಟರ್. ನೊರೆಗಾಗಿ ಹಾಕಿದ ಸಕ್ಕರೆಯ ಲೆಕ್ಕವೂ ಸೇರಿ ಒಟ್ಟು ಐದೂವರೆ ಲೀಟರ್ ಆಯಿತು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗ ಬಾಟಲಿಯೊಳಗಿನ ಒತ್ತಡ ಕಾರಿನ ಟಯರಿಗೆ ತುಂಬುವ ಗಾಳಿಯ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚು. ಬಾಟಲಿಯನ್ನು ಬಿಸಿಲು ಬೀಳುವಲ್ಲಿ ಇಟ್ಟರೆ ಇನ್ನೂ ಏರುತ್ತದೆ.

ಬರಿಗಣ್ಣಿಗೆ 1.018ರ ದ್ರವವೂ 1.012ರದ್ದೂ ಒಂದೇ ಥರ ಕಾಣುತ್ತದೆ. ನಾಲಿಗೆಗೂ ಖಚಿತವಾಗಿ ಗೊತ್ತಾಗುವುದಿಲ್ಲ.

ಏನೇನು ಬರೆಯಬೇಕು?

ಎಲ್ಲವನ್ನೂ ಬರೆಯಲು ಹೊರಟವರು ಮೂರನೇ ಬ್ಯಾಚಿಗೆ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ಮುಂದೆ ಕೇಳಿಕೊಳ್ಳಬೇಕಾದ ಪ್ರಶ್ನೆಗೆ ಉತ್ತರ ಕೊಡುವಷ್ಟು ಬರೆದರೆ ಸಾಕು.

ಸಾಮಗ್ರಿ: ತೂಕವನ್ನು ಗ್ರಾಂನಲ್ಲಿ ಬರೆಯಿರಿ, ಹಿಡಿ, ಲೋಟಗಳ ಲೆಕ್ಕ ಬೇಡ. ಯೀಸ್ಟ್ ಪೊಟ್ಟಣದ ಹೆಸರು, ಅದರ ಮೇಲಿನ ಅವಧಿ ಮುಗಿಯುವ ದಿನಾಂಕವೂ ಇರಲಿ. ಹಳೆಯ ಯೀಸ್ಟ್ ನಿಧಾನವಾಗಿ ಶುರುವಾಗುತ್ತದೆ.

ಅಂತಿಮ ಪ್ರಮಾಣ: ಕುದಿಯುವಾಗ ನೀರು ಆವಿಯಾಗಿ ಹೋಗುತ್ತದೆ. ಪಾತ್ರೆಗೆ ಕೊನೆಗೆ ಎಷ್ಟು ಲೀಟರ್ ಬಂತು ಎಂದು ಬರೆಯದಿದ್ದರೆ ಸಕ್ಕರೆಯ ರೀಡಿಂಗ್‌ಗೆ ಅರ್ಥವೇ ಇರುವುದಿಲ್ಲ. 1.050ರ 19 ಲೀಟರ್ ಬೇರೆ, 1.050ರ 16 ಲೀಟರ್ ಬೇರೆ.

ದ್ರವದ ಉಷ್ಣತೆ: ಯೀಸ್ಟ್ ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ, ದ್ರವವು ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಸಾಮಾನ್ಯ ಏಲ್ ಯೀಸ್ಟ್‌ಗಳಿಗೆ 18ರಿಂದ 22 ಡಿಗ್ರಿ ಹಿತ. ತೀರಾ ಬಿಸಿಯಾದರೆ ಬೇರೆ ಬಗೆಯ ಆಲ್ಕೋಹಾಲ್‌ಗಳು ಹೆಚ್ಚಾಗಿ ಹುಟ್ಟಿ, ಬಿಯರ್ ಖಾರವಾಗಿ ಗಂಟಲಿಗೆ ಹತ್ತುತ್ತದೆ. ಗೋಡೆಯ ಥರ್ಮಾಮೀಟರನ್ನು ಮಾತ್ರ ನೋಡಿ ಬರೆದವರಿಗೆ ಇದರ ಕಾರಣ ತಿಳಿಯುವುದಿಲ್ಲ.

ಅಳೆದದ್ದು ಹೇಗೆ: ಹೈಡ್ರೋಮೀಟರ್ ಒಂದು ನಿಗದಿತ ಉಷ್ಣತೆಗೆ ಹೊಂದಿಸಿದ ಸಾಧನ. 20 ಡಿಗ್ರಿಗೆ ಹೊಂದಿಸಿದ್ದನ್ನು 40 ಡಿಗ್ರಿಯ ವರ್ಟ್‌ಗೆ ಬಿಟ್ಟರೆ 1.050 ಇರುವಲ್ಲಿ ಸುಮಾರು 1.044 ತೋರಿಸುತ್ತದೆ. ಬೆಳಕಿನ ಬಾಗುವಿಕೆಯಿಂದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಇನ್ನೊಂದು ತೊಡಕಿದೆ. ಆಲ್ಕೋಹಾಲ್ ಸೇರಿದ ಮೇಲೆ ಅದು ಇರುವುದಕ್ಕಿಂತ ಹೆಚ್ಚು ಸಕ್ಕರೆ ಇದೆಯೆಂದು ತೋರಿಸುತ್ತದೆ. ಯಾವ ಸಾಧನ, ಎಷ್ಟು ಡಿಗ್ರಿಯಲ್ಲಿ ಎಂದು ಬರೆದಿದ್ದರೆ ಆಮೇಲಾದರೂ ತಿದ್ದಿಕೊಳ್ಳಬಹುದು.

ಯೋಜನೆ ತಪ್ಪಿದ್ದು: ನೊರೆ ಉಕ್ಕಿತು, ಕರೆಂಟ್ ಹೋಯಿತು, ಒಂದು ಗಂಟೆ ತಡವಾಯಿತು. ಇಂಥವನ್ನು ಆಗಿನ ಹೊತ್ತಿನಲ್ಲೇ ಬರೆಯಬೇಕು. ರಾತ್ರಿ ನೆನಪಿಸಿಕೊಂಡು ಬರೆದರೆ ಆದದ್ದರ ಬದಲು ಆಗಬೇಕಿದ್ದದ್ದನ್ನು ಬರೆದಿರುತ್ತೇವೆ.

ಕೈಗುಣವೋ, ಲೆಕ್ಕವೋ?

ಲೆಕ್ಕವಿಡುವುದು ಬಿಯರಿಗೆ ಹೊಸದೇನಲ್ಲ. ಮೆಸೊಪೊಟೇಮಿಯಾದಲ್ಲಿ ಸಿಕ್ಕಿರುವ, ಸುಮಾರು 5,000 ವರ್ಷಗಳಷ್ಟು ಹಳೆಯ ಮಣ್ಣಿನ ಫಲಕಗಳಲ್ಲಿ ಬಾರ್ಲಿ ಮತ್ತು ಬಿಯರಿನ ಲೆಕ್ಕಗಳಿವೆ. ಮನುಷ್ಯರ ಅತ್ಯಂತ ಹಳೆಯ ಬರಹಗಳಲ್ಲಿ ಅವೂ ಸೇರಿವೆ. ಆದರೆ ಅದು ಯಾರಿಗೆ ಎಷ್ಟು ಕೊಟ್ಟೆವು ಎಂಬ ಹಂಚಿಕೆಯ ಲೆಕ್ಕ. ಪಾತ್ರೆಯೊಳಗೆ ಏನಾಗುತ್ತಿದೆ ಎಂಬುದು ಬಹುಕಾಲ ಅನುಭವಸ್ಥರ ಕೈಗುಣಕ್ಕೇ ಬಿಟ್ಟದ್ದಾಗಿತ್ತು. ಬಿಸಿನೀರಿನ ಹಬೆ ತಿಳಿಯಾಗಿ ಅದರಲ್ಲಿ ಮುಖ ಕಂಡಾಗ ಮಾಲ್ಟ್ ಹಾಕುವುದು ಇಂಗ್ಲೆಂಡಿನ ಹಳೆಯ ಪದ್ಧತಿ. ಮೈಸೂರು ಪಾಕಿಗೆ ಬೆರಳಲ್ಲಿ ಎಳೆ ನೋಡಿ ಪಾಕ ಇಳಿಸುವಂತೆಯೇ ಇದೂ.

ಇಂಗ್ಲೆಂಡಿನ ಹಲ್ ಪಟ್ಟಣದ ಜಾನ್ ರಿಚರ್ಡ್‌ಸನ್ 1784ರಲ್ಲಿ, ಬಿಯರ್ ತಯಾರಿಕೆಗೆಂದೇ ರೂಪಿಸಿದ ಹೈಡ್ರೋಮೀಟರಿನ ಬಳಕೆಯ ಬಗ್ಗೆ ಪುಸ್ತಕ ಪ್ರಕಟಿಸಿದ. ಆಗ ಲಂಡನ್ನಿನ ಪ್ರಸಿದ್ಧ ಕಪ್ಪು ಬಿಯರಾದ ಪೋರ್ಟರನ್ನು ಅಗ್ಗದ ಕಂದು ಮಾಲ್ಟ್‌ನಿಂದ ಮಾಡುತ್ತಿದ್ದರು. ತಿಳಿಬಣ್ಣದ ಮಾಲ್ಟ್‌ಗೆ ಬೆಲೆ ಹೆಚ್ಚು. ಆದರೆ ಅಳೆದು ನೋಡಿದಾಗ, ಕಂದು ಮಾಲ್ಟ್‌ನಿಂದ ಬರುವ ಸಕ್ಕರೆ ಬಹಳ ಕಡಿಮೆ ಎಂದು ತಿಳಿಯಿತು. ಕೊಟ್ಟ ಹಣಕ್ಕೆ ಸಿಗುವ ಸಕ್ಕರೆಯನ್ನು ಲೆಕ್ಕ ಹಾಕಿದರೆ ದುಬಾರಿ ಮಾಲ್ಟೇ ಅಗ್ಗ! ಮುಂದೆ ಪೋರ್ಟರಿಗೆ ತಿಳಿ ಮಾಲ್ಟ್ ಬಳಸುವುದು ಹೆಚ್ಚಿತು. ತಲೆಮಾರುಗಳ ಅನುಭವಕ್ಕೆ ಗೊತ್ತಾಗದ್ದು ಬರೆದಿಟ್ಟ ಅಂಕಿಗಳಿಂದ ಗೊತ್ತಾಯಿತು.

ಇನ್ನೊಂದು ಕೊಡುಗೆ ಸಂಖ್ಯಾಶಾಸ್ತ್ರಕ್ಕೆ ಸಂದಿದೆ. ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಗೆ 1899ರಲ್ಲಿ ಸೇರಿದ ವಿಲಿಯಂ ಸೀಲಿ ಗಾಸೆಟ್‌ಗೆ ಎದುರಾದ ಸಮಸ್ಯೆ ಹವ್ಯಾಸಿಗಳದ್ದೇ: ಅಳತೆಗಳು ಕೈಬೆರಳೆಣಿಕೆಯಷ್ಟು, ಅವುಗಳಲ್ಲಿ ಏರಿಳಿತವೂ ಇದೆ, ಅಂಥವುಗಳಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದು? ಇದಕ್ಕೆ ಆತ ಕಂಡುಕೊಂಡ ಉತ್ತರ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಇಂದು ಔಷಧ ಪರೀಕ್ಷೆಯಿಂದ ಕೃಷಿ ಸಂಶೋಧನೆಯವರೆಗೆ ಬಳಸುವ ‘ಸ್ಟೂಡೆಂಟ್‌ನ ಟಿ ಪರೀಕ್ಷೆ’ ಹುಟ್ಟಿದ್ದು ಬಿಯರ್ ಕಾರ್ಖಾನೆಯ ಲೆಕ್ಕದಿಂದ.

ಇದರಿಂದ ಮನೆಯವರು ಕಲಿಯಬೇಕಾದದ್ದು ಸರಳ. ಒಂದು ಬ್ಯಾಚಿಗೂ ಇನ್ನೊಂದಕ್ಕೂ ನಡುವೆ ಒಂದೇ ಒಂದು ಬದಲಾವಣೆ ಮಾಡಿ. ಹಾಪ್ಸ್, ಯೀಸ್ಟ್, ಉಷ್ಣತೆ ಮೂರನ್ನೂ ಒಟ್ಟಿಗೇ ಬದಲಿಸಿದರೆ ರುಚಿ ಬದಲಾದದ್ದು ಯಾವುದರಿಂದ ಎಂದು ಯಾವ ನೋಟ್‌ಬುಕ್ಕೂ ಹೇಳಲಾರದು.

ರುಚಿಯ ವಿಷಯದಲ್ಲೂ ಎಚ್ಚರ ಬೇಕು. ದುಬಾರಿ ಹಾಪ್ಸ್ ಹಾಕಿದ್ದೇವೆ ಎಂದು ಗೊತ್ತಿದ್ದರೆ ನಾಲಿಗೆ ಅದನ್ನು ಹುಡುಕಿಯೇ ಹುಡುಕುತ್ತದೆ. ಇದಕ್ಕೆ ಮೂರು ಲೋಟದ ಪರೀಕ್ಷೆ ಇದೆ. ಎರಡು ಲೋಟದಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದೆಂದು ತಿಳಿಯದವರು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದೇ ಸಲ ಸರಿ ಹೇಳಿದರೆ ಲೆಕ್ಕಕ್ಕಿಲ್ಲ. ನಾಲ್ಕು ಸಲವೂ ಊಹೆಯಿಂದಲೇ ಸರಿಯಾಗುವ ಸಾಧ್ಯತೆ 81ರಲ್ಲಿ ಒಂದು. ಆಗ ವ್ಯತ್ಯಾಸ ನಿಜವಾಗಿಯೂ ಇದೆ ಎನ್ನಬಹುದು.

ಮನೆಯ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆಯೇ?

ಕಳ್ಳಬಟ್ಟಿ ದುರಂತಗಳ ಸುದ್ದಿ ಓದಿದವರಿಗೆ ಈ ಭಯ ಸಹಜ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಮೆಥನಾಲ್ ಬೆರೆತ ಸಾರಾಯಿಯಿಂದ. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಬದಲಾಗಿ ಕಣ್ಣಿನ ನರವನ್ನು ಹಾಳುಮಾಡುತ್ತದೆ, ಜೀವವನ್ನೂ ತೆಗೆಯುತ್ತದೆ. ಆದರೆ ಬಾರ್ಲಿ ಹುದುಗಿದಾಗ ಹುಟ್ಟುವ ಮೆಥನಾಲ್ ತೀರಾ ಅಲ್ಪ. ಇಂಥ ದುರಂತಗಳಲ್ಲಿ ಕಾರ್ಖಾನೆಯ ಬಳಕೆಗೆಂದು ಇರುವ ಮೆಥನಾಲನ್ನು ಸಾರಾಯಿಗೆ ಬೆರೆಸಿರುತ್ತಾರೆ. ಬರಿ ಹುದುಗಿಸುವುದು ಬೇರೆ, ಹುದುಗಿದ್ದನ್ನು ಬಟ್ಟಿ ಇಳಿಸುವುದು ಬೇರೆ. ಬ್ರಿಟನ್, ಅಮೆರಿಕಗಳಲ್ಲೂ ಮನೆಯಲ್ಲಿ ಪರವಾನಗಿ ಇಲ್ಲದೆ ಬಟ್ಟಿ ಇಳಿಸಲು ಅನುಮತಿ ಇಲ್ಲ.

ಹಾಗೆಂದು ಮನೆಯ ಬಿಯರ್ ಆರೋಗ್ಯಕ್ಕೆ ಒಳ್ಳೆಯದು ಎನ್ನುವುದೂ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎಲ್ಲಿ ತಯಾರಾದರೂ ಆಲ್ಕೋಹಾಲ್ ಅದೇ.

ನಮ್ಮ ಅಡುಗೆಮನೆಯಲ್ಲಿ

ಬಿಯರ್ ಬೇಡ, ದೋಸೆ ಹಿಟ್ಟನ್ನೇ ನೋಡಿ. ಅಲ್ಲೂ ಹುದುಗುವಿಕೆಯೇ, ಕೆಲಸ ಮಾಡುವುದು ಹೆಚ್ಚಾಗಿ ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು. ಬೇಸಿಗೆಯಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕುವ ಹಿಟ್ಟು ಡಿಸೆಂಬರಿನಲ್ಲಿ ಮಧ್ಯಾಹ್ನವಾದರೂ ಏಳುವುದಿಲ್ಲ. ಅಜ್ಜಿ ಕಲಸಿದರೆ ಉಬ್ಬುತ್ತದೆ, ಸೊಸೆ ಕಲಸಿದರೆ ಇಲ್ಲ, ಅದು ಕೈಗುಣ ಎನ್ನುತ್ತೇವೆ. ಅಕ್ಕಿ, ಉದ್ದಿನ ಬೇಳೆಯ ತೂಕ, ರುಬ್ಬಿ ಮುಗಿದ ಹೊತ್ತು, ಆಗ ಹಿಟ್ಟು ಎಷ್ಟು ಬೆಚ್ಚಗಿತ್ತು, ಪಾತ್ರೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಏರಿತು ಎಂದು ಹತ್ತು ಸಲ ಬರೆದು ನೋಡಿ. ಕೈಗುಣದ ಬಹುಪಾಲು ಉಷ್ಣತೆ ಮತ್ತು ಸಮಯವೇ ಎಂದು ನಿಮ್ಮ ಪುಟಗಳೇ ತೋರಿಸಬಹುದು.

ಕೊಂಬುಚಾ, ಶುಂಠಿ ಪಾನೀಯಗಳನ್ನು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡುವವರಿಗಂತೂ ಇದು ಸುರಕ್ಷತೆಯ ವಿಷಯ. ಅಲ್ಲೂ ಯೀಸ್ಟ್ ಇದೆ, ಸಕ್ಕರೆ ಇದೆ, ಅನಿಲ ಹುಟ್ಟುತ್ತದೆ. ಎಷ್ಟು ಸಕ್ಕರೆ ಹಾಕಿ, ಯಾವ ದಿನ ಮುಚ್ಚಿ, ಯಾವಾಗ ಫ್ರಿಜ್ಜಿಗೆ ಇಟ್ಟಿರಿ ಎಂದು ಬಾಟಲಿಯ ಮೇಲೊಂದು ಚೀಟಿ ಅಂಟಿಸಿ. ಹೊರಗೆ ಒಂದು ವಾರ ಮರೆತುಹೋದ ಬಾಟಲಿಯನ್ನು ಮುಖದ ಹತ್ತಿರ ತಂದು ತೆರೆಯಬೇಡಿ. ಮೊದಲು ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿದರೆ ಅನಿಲ ಹೆಚ್ಚು ಕರಗಿ ಒತ್ತಡ ಇಳಿಯುತ್ತದೆ. ಆಮೇಲೆ ದಪ್ಪ ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿಕೊಂಡು, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಚೀಟಿ ಇಲ್ಲದ, ಎಂದು ತುಂಬಿದ್ದೆಂದು ಯಾರಿಗೂ ನೆನಪಿಲ್ಲದ ಬಾಟಲಿ ಸಿಕ್ಕರೆ ಅದನ್ನೂ ಹೀಗೆಯೇ ತೆರೆದು ಚೆಲ್ಲಿಬಿಡಿ, ಕುಡಿಯಬೇಡಿ.